ಸಾರ ತೀರಬೇಕಾದ ಹೊತ್ತು

ಹುಣಸೂರಿನಿಂದ ಪಿರಿಯಾಪಟ್ಟಣಕ್ಕೆ ಹೋಗುವ ಹೆದ್ದಾರಿಯಲ್ಲಿ ಸಿಗುವ ಕಂಪಲಾಪುರದಲ್ಲಿ ತಂಬಾಕು ಮಂಡಳಿಯ ಹರಾಜು ಮಾರುಕಟ್ಟೆ ಇದೆ. ಹರಾಜು ಶುರುವಾದರೆ ಸುತ್ತಲಿನ ಹಳ್ಳಿಗಳ ಬೇಲ್‌ಗಳು ಇಲ್ಲಿ ಸಾಲುಗಟ್ಟುತ್ತವೆ. ಖರೀದಿದಾರರು ಬೇಲಿನಿಂದ ಒಂದು ಹಿಡಿ ಸೊಪ್ಪು ಎಳೆದು ಬಣ್ಣ ನೋಡುತ್ತಾರೆ, ಬೆರಳಲ್ಲಿ ತಿಕ್ಕಿ ನೋಡುತ್ತಾರೆ. ನಿಂಬೆ ಹಳದಿಗೆ, ಕಿತ್ತಳೆ ಬಣ್ಣಕ್ಕೆ ದರ ಏರುತ್ತದೆ. ಎಲೆ ದಪ್ಪಗಿದ್ದು ಹಸಿರು ಉಳಿದಿದ್ದರೆ ಇಳಿಯುತ್ತದೆ. ದರ ಕಳೆದುಕೊಂಡ ಬೆಳೆಗಾರ ಬೈಯುವುದು ಸಾಮಾನ್ಯವಾಗಿ ಸೊಪ್ಪು ಬೇಯಿಸುವ ಮನೆಯಾದ ಬ್ಯಾರನ್ನನ್ನು: ಸೌದೆ ಹಸಿ ಇತ್ತು, ಉರಿ ಸರಿಯಾಗಿ ಹಿಡಿಯಲಿಲ್ಲ, ಬೇಯಿಸುವವನು ನಿದ್ದೆ ಹೋದ. ಇರಬಹುದು. ಆದರೆ ಅಂಥ ಎಷ್ಟೋ ಬೇಲ್‌ಗಳ ಹಣೆಬರಹ ಸಸಿ ನೆಟ್ಟ ಮೇ ತಿಂಗಳಲ್ಲೇ, ಹೊಲದಲ್ಲೇ ತೀರ್ಮಾನವಾಗಿರುತ್ತದೆ. ಆ ಹೊಲದಲ್ಲಿ ಸಾರ ಹೆಚ್ಚಾಗಿರುತ್ತದೆ.

ಸಾರ ಹೆಚ್ಚಾದರೆ ಬೆಳೆ ಕೆಡುತ್ತದೆ ಎಂದರೆ ರಾಗಿ ಬೆಳೆಯುವವರು ನಗುತ್ತಾರೆ. ಹೊಗೆಸೊಪ್ಪು ಬೆಳೆಯುವವರು ನಗುವುದಿಲ್ಲ. ಈ ಅಧ್ಯಾಯದಲ್ಲಿ ನಾನು ಹೊಗೆಸೊಪ್ಪಿನ ಪಕ್ಕದಲ್ಲಿ ಇನ್ನೊಂದು ಬೆಳೆಯನ್ನು ನಿಲ್ಲಿಸಿ ನೋಡಬೇಕೆಂದಿದ್ದೇನೆ. ಅದು ಸಕ್ಕರೆ ಬೀಟ್, ನಮ್ಮ ಪಲ್ಯದ ಕೆಂಪು ಬೀಟ್‌ರೂಟಿನ ಬಿಳಿ ಅಣ್ಣ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯ ರೈತರು ಇದನ್ನು ಬೆಳೆಯುವುದಿಲ್ಲ. ಆದರೂ ಇಲ್ಲಿನ ಮಣ್ಣು ಅದಕ್ಕೆ ಒಪ್ಪೀತೇ ಎಂಬುದು ಕೇಳಬೇಕಾದ ಪ್ರಶ್ನೆ. ತಂಬಾಕು ನಿಯಂತ್ರಣದ ಅಂತರರಾಷ್ಟ್ರೀಯ ಒಪ್ಪಂದವನ್ನು ಭಾರತ 2004ರಲ್ಲೇ ಅನುಮೋದಿಸಿದೆ. ಬೆಳೆಗಾರರಿಗೆ ಬದಲಿ ದಾರಿ ತೋರಿಸಬೇಕೆಂದು ಅದರ 17ನೇ ವಿಧಿ ಹೇಳುತ್ತದೆ. ಬದಲಿ ಬೆಳೆಯ ಮಾತು ಬಂದಾಗಲೆಲ್ಲ ಸಭೆಗಳಲ್ಲಿ ಬೆಲೆಯ ಲೆಕ್ಕ ನಡೆಯುತ್ತದೆ. ಮಣ್ಣನ್ನು ಕೇಳುವವರು ಕಡಿಮೆ.

ಇಲ್ಲಿನ ಮಣ್ಣನ್ನು ಕೇಳಿ ಬರೆದಿಟ್ಟವರು ಹಿಂದೆಯೂ ಇದ್ದರು. ಟಿಪ್ಪುವಿನ ಪತನದ ಮರುವರ್ಷ, 1800ರಲ್ಲಿ, ಮೈಸೂರು ಸೀಮೆಯನ್ನು ಸುತ್ತಲು ಹೊರಟ ಫ್ರಾನ್ಸಿಸ್ ಬುಕನನ್ ಶ್ರೀರಂಗಪಟ್ಟಣದ ಸುತ್ತ ರೈತರು ಮಣ್ಣನ್ನು ಎರೆ, ಕೆಬ್ಬೆ, ಮರಳು, ದರೆ ಎಂದು ವಿಂಗಡಿಸುವುದನ್ನು ದಾಖಲಿಸಿದ. ಕಪ್ಪು ಜೇಡಿ ಒಂದು ತುದಿ, ಕಲ್ಲುಮರಳಿನ ಬಡ ನೆಲ ಇನ್ನೊಂದು ತುದಿ. ಹೆಚ್ಚೂಕಡಿಮೆ ಶತಮಾನ ಕಳೆದ ಮೇಲೆ ಮೈಸೂರು ಸರ್ಕಾರ ಅಡಾಲ್ಫ್ ಲೇಮನ್ ಎಂಬ ಕೃಷಿ ರಸಾಯನಶಾಸ್ತ್ರಜ್ಞನನ್ನು ಕರೆಸಿಕೊಂಡಿತು. ಮಹಾರಾಣಿ ಕೆಂಪನಂಜಮ್ಮಣ್ಣಿಯವರು 1899ರಲ್ಲಿ ಬೆಂಗಳೂರಿನ ಹೆಬ್ಬಾಳದಲ್ಲಿ 30 ಎಕರೆ ಕೊಟ್ಟರು, ಮಣ್ಣು ಗಾಜಿನ ಕೊಳವೆ ಸೇರಿತು. ರೈತನ ನಾಲ್ಕು ಹೆಸರುಗಳು ಮತ್ತು ಲ್ಯಾಬಿನ ಅಂಕಿಗಳು ಒಂದನ್ನೊಂದು ಬದಲಿಸುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ಅಂಕಿ ಇಂದು ಎಷ್ಟಿದೆ ಎಂದು ಹೇಳುತ್ತದೆ. ಹೆಸರು ಆ ನೆಲ ಮಳೆ ಬಿದ್ದ ಮೇಲೆ ಹೇಗೆ ನಡೆದುಕೊಳ್ಳುತ್ತದೆ ಎಂದು ಹೇಳುತ್ತದೆ. ನಮ್ಮ ಎರಡು ಬೆಳೆಗಳಿಗೂ ಬೇಕಾಗಿರುವುದು ಈ ಎರಡನೆಯದು.

ಮೊದಲು ಅಂಕಿ ಎಲ್ಲಿಂದ ಬರುತ್ತದೆ ಎಂದು ನೋಡೋಣ. ಒಂದು ಎಕರೆಯ ಮೇಲಿನ 15 ಸೆಂಟಿಮೀಟರ್ ಮಣ್ಣು ತೂಗಿದರೆ ಸುಮಾರು 9 ಲಕ್ಷ ಕಿಲೋ. ನಾವು ಲ್ಯಾಬಿಗೆ ಒಯ್ಯುವುದು ಅರ್ಧ ಕಿಲೋ. ಅದರಲ್ಲಿ ಸಾವಯವ ಇಂಗಾಲದ ಪರೀಕ್ಷೆಗೆ ಹೋಗುವುದು ಒಂದು ಗ್ರಾಂ ಇಲ್ಲವೇ ಅದಕ್ಕೂ ಕಡಿಮೆ. ಆ ಒಂದು ಗ್ರಾಂ ಇಡೀ ಎಕರೆಯ ಪರವಾಗಿ ಸಾಕ್ಷಿ ಹೇಳಬೇಕಾದರೆ ಮಾದರಿ ತೆಗೆಯುವಾಗ ಮೈಗಳ್ಳತನ ಮಾಡುವಂತಿಲ್ಲ. ಹೊಲದಲ್ಲಿ ಅಂಕುಡೊಂಕಾಗಿ ನಡೆದು ಹತ್ತು ಹದಿನೈದು ಕಡೆ ಮೇಲಿನ ಕಸಕಡ್ಡಿ ಸರಿಸಿ, ಗುದ್ದಲಿಯಿಂದ ‘ವಿ’ ಆಕಾರದ ಗುಂಡಿ ತೋಡಿ, ಗುಂಡಿಯ ಒಂದು ಮೈಯನ್ನು ಮೇಲಿನಿಂದ ಕೆಳಗಿನವರೆಗೆ ಒಂದೇ ದಪ್ಪಕ್ಕೆ ಕೆರೆದುಕೊಳ್ಳಬೇಕು. ಎಲ್ಲವನ್ನೂ ಕಲಸಿ ಹರವಿ, ನಾಲ್ಕು ಪಾಲು ಮಾಡಿ, ಎದುರುಬದುರಿನ ಎರಡು ಪಾಲು ಬಿಸಾಡಿ, ಉಳಿದುದನ್ನು ಮತ್ತೆ ಹಾಗೇ ಮಾಡುತ್ತ ಅರ್ಧ ಕಿಲೋಗೆ ಇಳಿಸಬೇಕು. ನೆರಳಲ್ಲಿ ಒಣಗಿಸಬೇಕು. ಬದು, ಮರದ ಬುಡ, ತಿಪ್ಪೆ ಇದ್ದ ಜಾಗ, ನಾಲೆಯ ಬಾಯಿ ಬೇಡ. ಗೊಬ್ಬರದ ಖಾಲಿ ಚೀಲದಲ್ಲಿ ತುಂಬಿಕೊಂಡು ಬಂದ ಮಾದರಿಯನ್ನು ಅಲ್ಲೇ ಚೆಲ್ಲಿಬಿಡುವುದು ಲೇಸು. ಚೀಲದ ಮೂಲೆಯ ಯೂರಿಯಾ ಹರಳೇ ಹೊಲದ ಕಥೆ ಹೇಳಿಬಿಡುತ್ತದೆ.

2015ರ ಫೆಬ್ರವರಿಯಲ್ಲಿ ಶುರುವಾದ ಮಣ್ಣು ಆರೋಗ್ಯ ಕಾರ್ಡ್ ಯೋಜನೆಯಲ್ಲಿ ನೀರಾವರಿ ಪ್ರದೇಶದಲ್ಲಿ ಎರಡೂವರೆ ಹೆಕ್ಟೇರಿಗೆ ಒಂದು, ಮಳೆಯಾಶ್ರಿತ ಪ್ರದೇಶದಲ್ಲಿ ಹತ್ತು ಹೆಕ್ಟೇರಿಗೆ ಒಂದು ಮಾದರಿ ಎಂದು ಗೊತ್ತುಮಾಡಲಾಗಿತ್ತು. ದೇಶದ ಲೆಕ್ಕಕ್ಕೆ ಅದು ಸರಿ. ಆದರೆ ಪಿರಿಯಾಪಟ್ಟಣದ ಕಡೆ ಎರಡೂವರೆ ಹೆಕ್ಟೇರಿನೊಳಗೆ ದಿಣ್ಣೆಯ ಮೇಲೆ ಹೊಗೆಸೊಪ್ಪಿನ ಕೆಂಪು ಮರಳುಗೋಡು, ಇಳಿಜಾರಿನಲ್ಲಿ ಶುಂಠಿ ಕಿತ್ತ ಹೊಲ, ತಗ್ಗಿನಲ್ಲಿ ಹಾರಂಗಿ ನಾಲೆಯ ನೀರುಂಡ ಭತ್ತದ ಗದ್ದೆ, ಮೂರೂ ಇರಬಹುದು. ಮೂರರ ಸರಾಸರಿಯಂಥ ಹೊಲ ಅಲ್ಲಿ ಯಾರಿಗೂ ಇಲ್ಲ.

ಲ್ಯಾಬಿನಲ್ಲಿ ನಡೆಯುವುದನ್ನು ಒಮ್ಮೆ ನಿಂತು ನೋಡಿದರೆ ಕಾರ್ಡಿನ ಅಂಕಿಗಳ ಮೇಲಿನ ಭಯಭಕ್ತಿ ಹದಕ್ಕೆ ಬರುತ್ತದೆ. ಸಾರಜನಕದ ಪರೀಕ್ಷೆಗೆ 20 ಗ್ರಾಂ ಮಣ್ಣನ್ನು ಪೊಟ್ಯಾಸಿಯಂ ಪರ್ಮಾಂಗನೇಟ್ ಮತ್ತು ಕಾಸ್ಟಿಕ್ ಸೋಡಾ ದ್ರಾವಣದ ಜೊತೆ ಕುದಿಸುತ್ತಾರೆ. ಹಬೆಯಾಗಿ ಹೊರಡುವ ಅಮೋನಿಯಾ ಆಚೆ ಬದಿಯ ಬೋರಿಕ್ ಆಮ್ಲದಲ್ಲಿ ಇಳಿಯುತ್ತಿದ್ದಂತೆ ಅದರ ಗುಲಾಬಿ ಬಣ್ಣ ಹಸಿರಾಗುತ್ತದೆ. ಆಮೇಲೆ ಬ್ಯುರೆಟ್ಟಿನಿಂದ ಗಂಧಕಾಮ್ಲವನ್ನು ಹನಿಹನಿಯಾಗಿ ಬಿಡುತ್ತ, ಹಸಿರು ಮತ್ತೆ ಗುಲಾಬಿಗೆ ತಿರುಗುವವರೆಗೆ ಎಷ್ಟು ಹಿಡಿಯಿತು ಎಂದು ಅಳೆಯುತ್ತಾರೆ. ಸುಬ್ಬಯ್ಯ ಮತ್ತು ಅಸಿಜಾ 1956ರಲ್ಲಿ ಪ್ರಕಟಿಸಿದ ಈ ವಿಧಾನವೇ ಇಂದಿಗೂ ದೇಶದ ಹೆಚ್ಚಿನ ಲ್ಯಾಬುಗಳಲ್ಲಿ ಇರುವುದು. ಹೆಕ್ಟೇರಿಗೆ 280 ಕಿಲೋಗಿಂತ ಕಡಿಮೆ ಬಂದರೆ ‘ಕಡಿಮೆ’, 560 ದಾಟಿದರೆ ‘ಹೆಚ್ಚು’. ಹೊಗೆಸೊಪ್ಪು ಬೆಳೆಯುವ ಮರಳುಗೋಡು ಸಾಮಾನ್ಯವಾಗಿ ‘ಕಡಿಮೆ’ ಎಂಬ ಮುದ್ರೆ ಹೊತ್ತು ಬರುತ್ತದೆ. ಅದನ್ನು ಓದಿದವರು ಯೂರಿಯಾ ಅಂಗಡಿಯ ಕಡೆ ನಡೆದರೆ ಅವರ ತಪ್ಪಲ್ಲ, ಕಾರ್ಡು ಬರೆದವರು ಯಾವ ಬೆಳೆಗೆ ಕಡಿಮೆ ಎಂದು ಹೇಳಿರುವುದಿಲ್ಲ.

ಹೊಗೆಸೊಪ್ಪಿನ ಬದುಕನ್ನು ನೋಡಿ. ಮೇ ತಿಂಗಳ ಮಳೆಗೆ ಸಸಿ ನೆಟ್ಟರೆ ಮೊದಲ ಒಂದೂವರೆ ಎರಡು ತಿಂಗಳು ಅದು ಸಾರಜನಕವನ್ನು ಆತುರದಿಂದ ಹೀರುತ್ತದೆ. ಹೂವಿನ ಕುಡಿ ಮುರಿದ ಮೇಲೆ ಅದಕ್ಕೆ ಸಾರಜನಕ ಸಿಗಬಾರದು. ಸಿಗದಿದ್ದಾಗ ಎಲೆ ಹೊಸ ಪ್ರೋಟೀನು ಕಟ್ಟುವುದನ್ನು ನಿಲ್ಲಿಸಿ, ಬಿಸಿಲಿನಿಂದ ತಯಾರಿಸಿದ್ದನ್ನು ಪಿಷ್ಟವಾಗಿ ಕೂಡಿಡುತ್ತದೆ, ಹಣ್ಣಾಗುತ್ತದೆ. ಬ್ಯಾರನ್ನಿನ ಮೊದಲ ಹಂತದ ಮಂದ ಶಾಖದಲ್ಲಿ ಆ ಪಿಷ್ಟವೇ ಸಕ್ಕರೆಯಾಗಿ ಹಸಿರು ಹೋಗಿ ಹಳದಿ ಬರುತ್ತದೆ. ಸಾರಜನಕ ಇನ್ನೂ ಸಿಗುತ್ತಿದ್ದರೆ ಎಲೆ ಹಣ್ಣಾಗಲು ಒಪ್ಪುವುದಿಲ್ಲ; ದಪ್ಪಗೆ, ಹಸಿರಾಗಿ, ನಿಕೋಟಿನ್ ತುಂಬಿಕೊಂಡು ನಿಲ್ಲುತ್ತದೆ. ಬ್ಯಾರನ್ನು ಎಷ್ಟು ಉರಿದರೂ ಆ ಹಸಿರು ಪೂರ್ತಿ ಬಿಡದು. ಜೂನ್, ಜುಲೈ ಮಳೆಗೆ ನೈಟ್ರೇಟನ್ನು ಬೇರಿನ ಕೆಳಕ್ಕೆ ಬಸಿದುಬಿಡುವ ಮರಳುಗೋಡು ಈ ಬೆಳೆಗೆ ಒಲಿದದ್ದು ಅದಕ್ಕೇ. ಅದರ ಬಡತನ ಸರಿಯಾದ ಹೊತ್ತಿಗೆ ಬರುತ್ತದೆ.

ಸಕ್ಕರೆ ಬೀಟಿನದೂ ಹೆಚ್ಚೂಕಡಿಮೆ ಇದೇ ಲೆಕ್ಕ, ಸಕ್ಕರೆ ಕೂಡುವ ಜಾಗ ಮಾತ್ರ ಬೇರೆ. ಮೊದಲ ಎರಡು ಮೂರು ತಿಂಗಳು ಎಲೆ ಹರವಿ ನೆಲ ಮುಚ್ಚಲು ಅದಕ್ಕೆ ಸಾರಜನಕ ಧಾರಾಳವಾಗಿ ಬೇಕು. ಕೊನೆಯ ತಿಂಗಳುಗಳಲ್ಲಿ ಸಾರಜನಕ ತೀರಿದರೆ ಎಲೆಯಲ್ಲಿ ತಯಾರಾದ ಸಕ್ಕರೆ ಗಡ್ಡೆಗೆ ಇಳಿಯುತ್ತದೆ. ತೀರದಿದ್ದರೆ ಗಿಡ ಹೊಸ ಎಲೆ ಬಿಡುತ್ತಲೇ ಹೋಗುತ್ತದೆ. ಗಡ್ಡೆಯ ತೂಕ ಹೆಚ್ಚುತ್ತದೆ, ಸಕ್ಕರೆಯ ಶೇಕಡಾವಾರು ಇಳಿಯುತ್ತದೆ. ಇದರ ಮೇಲೆ ಇನ್ನೊಂದು ಪೆಟ್ಟು ಕಾರ್ಖಾನೆಯಲ್ಲಿ ಬೀಳುತ್ತದೆ: ಹೆಚ್ಚುವರಿ ಸಾರಜನಕ ಅಮೈನೋ ಆಮ್ಲಗಳಾಗಿ ರಸದಲ್ಲಿ ಕರಗಿದ್ದು, ಇದ್ದ ಸಕ್ಕರೆಯೂ ಹರಳುಗಟ್ಟದಂತೆ ತಡೆದು ಕಾಕಂಬಿಗೆ ಎಳೆದೊಯ್ಯುತ್ತದೆ. ಕೆ.ಆರ್. ನಗರದ ಕಬ್ಬಿನ ರೈತರಿಗೆ ಇದು ಹೊಸದಲ್ಲ. ಕಟಾವಿಗೆ ಮುಂಚೆ ಯೂರಿಯಾ ಕೊಟ್ಟ ಕಬ್ಬಿನಿಂದ ಬೆಲ್ಲದ ಅಚ್ಚು ಸರಿಯಾಗಿ ಕೂರುವುದಿಲ್ಲ ಎಂದು ಆಲೆಮನೆಯವರು ಯಾವ ಲ್ಯಾಬಿನ ನೆರವೂ ಇಲ್ಲದೆ ಹೇಳುತ್ತಾರೆ.

ಹಾಗಾಗಿ ಇಂಥ ಬೆಳೆಗೆ ಮಣ್ಣು ನೋಡುವವರು ಸಾರಜನಕ ಎಷ್ಟಿದೆ ಎಂಬುದರ ಜೊತೆಗೆ ಅದು ಯಾವಾಗ ಮುಗಿಯುತ್ತದೆ ಎಂದೂ ಕೇಳಬೇಕು. ಪರ್ಮಾಂಗನೇಟ್ ವಿಧಾನ ಇದಕ್ಕೆ ಉತ್ತರ ಕೊಡದು. ಯೂರೋಪಿನ ಬೀಟ್ ಪ್ರದೇಶಗಳಲ್ಲಿ 1970ರ ದಶಕದಿಂದ ಬೇರೊಂದು ಕ್ರಮ ಬಂದಿದೆ: ಬಿತ್ತನೆಗೆ ಮುಂಚೆ 90 ಸೆಂಟಿಮೀಟರ್ ಆಳದವರೆಗೂ ಕೊಳವೆ ಇಳಿಸಿ, ಪ್ರತಿ 30 ಸೆಂಟಿಮೀಟರಿನ ಮಣ್ಣಿನಲ್ಲಿ ನೈಟ್ರೇಟ್ ಮತ್ತು ಅಮೋನಿಯಂ ಎಷ್ಟಿದೆ ಎಂದು ಅಳೆದು, ಅದನ್ನು ಕಳೆದು ಗೊಬ್ಬರ ಗೊತ್ತುಮಾಡುತ್ತಾರೆ. ಬೀಟಿನ ಬೇರು ಒಂದು ಮೀಟರಿಗೂ ಕೆಳಗೆ ಹೋಗುವುದರಿಂದ ಕೆಳಪದರದ ಉಳಿಕೆ ಕೊನೆಯ ತಿಂಗಳಲ್ಲಿ ಕೈಗೆ ಸಿಕ್ಕಿ ಸಕ್ಕರೆ ಕೆಡಿಸುತ್ತದೆ. ನಮ್ಮಲ್ಲಿ ಇದು ಎಲ್ಲಕ್ಕಿಂತ ಹೆಚ್ಚು ಬೇಕಾಗುವುದು ಶುಂಠಿ ಕಿತ್ತ ಹೊಲಕ್ಕೆ. ಶುಂಠಿಗೆ ಸುರಿಯುವ ಕೋಳಿಗೊಬ್ಬರ, ಕೊಟ್ಟಿಗೆ ಗೊಬ್ಬರ, ಚೀಲದ ಗೊಬ್ಬರದ ಉಳಿಕೆ ಮುಂದಿನ ವರ್ಷವೂ ನಿಧಾನವಾಗಿ ಬಿಡುಗಡೆಯಾಗುತ್ತಲೇ ಇರುತ್ತದೆ. ಜೋಳಕ್ಕೆ ಅದು ಹಬ್ಬ. ಹೊಗೆಸೊಪ್ಪಿಗೂ ಬೀಟಿಗೂ ಕೇಡು.

ಇಲ್ಲಿಯವರೆಗೆ ಎರಡೂ ಬೆಳೆ ಒಂದೇ ಮನೆಯವಂತೆ ಕಾಣುತ್ತವೆ. ಕ್ಲೋರೈಡ್ ವಿಷಯ ಬಂದ ಕೂಡಲೆ ಬೇರೆಯಾಗುತ್ತವೆ.

ಕ್ಲೋರೈಡ್ ಹೆಚ್ಚು ಹೀರಿದ ಹೊಗೆಸೊಪ್ಪು ಸರಿಯಾಗಿ ಉರಿಯುವುದಿಲ್ಲ, ತೇವ ಎಳೆದುಕೊಂಡು ಮೆತ್ತಗಾಗುತ್ತದೆ. ಮೇಲುಮಣ್ಣಿನಲ್ಲಿ 100 ಪಿಪಿಎಂ ದಾಟಿದರೆ, ಹಾಯಿಸುವ ನೀರಿನಲ್ಲಿ 50 ಪಿಪಿಎಂ ದಾಟಿದರೆ ವರ್ಜೀನಿಯಾ ತಂಬಾಕಿಗೆ ಒಳ್ಳೆಯದಲ್ಲ ಎಂಬುದು ತಂಬಾಕು ವಿಜ್ಞಾನಿಗಳು ಹಾಕಿರುವ ಗೆರೆ. ಹೊಗೆಸೊಪ್ಪಿಗೆ ಅಗ್ಗದ ಕೆಂಪು ಪೊಟ್ಯಾಷ್ ಬೇಡ, ದುಬಾರಿಯಾದರೂ ಪೊಟ್ಯಾಸಿಯಂ ಸಲ್ಫೇಟ್, ಅಂದರೆ ಎಸ್‌ಒಪಿ ಹಾಕಿ ಎಂದು ಹುಣಸೂರಿನ ತಂಬಾಕು ಸಂಶೋಧನಾ ಕೇಂದ್ರದವರೂ ಮಂಡಳಿಯವರೂ ಹೇಳುವುದು ಇದಕ್ಕಾಗಿ. ಕೆಂಪು ಪೊಟ್ಯಾಷ್ ಎಂದರೆ ಪೊಟ್ಯಾಸಿಯಂ ಕ್ಲೋರೈಡ್. 50 ಕಿಲೋ ಚೀಲದಲ್ಲಿ 23 ಕಿಲೋಗೂ ಹೆಚ್ಚು ಕ್ಲೋರೈಡ್ ಇರುತ್ತದೆ. ಅದನ್ನು ಎಕರೆಯ 9 ಲಕ್ಷ ಕಿಲೋ ಮಣ್ಣಿಗೆ ಹಂಚಿದರೆ ಸುಮಾರು 26 ಪಿಪಿಎಂ. ಒಂದೇ ಚೀಲಕ್ಕೆ ಮಿತಿಯ ಕಾಲು ಭಾಗ ಮುಗಿಯಿತು.

ನೀರಿನ ಲೆಕ್ಕ ಇನ್ನೂ ಚುರುಕು. ಬೋರ್‌ವೆಲ್ ನೀರಿನಲ್ಲಿ 100 ಪಿಪಿಎಂ ಕ್ಲೋರೈಡ್ ಇದೆ ಎಂದುಕೊಳ್ಳಿ, ಕುಡಿದರೆ ಉಪ್ಪೆನಿಸದಷ್ಟು. ಎಕರೆಗೆ ಎರಡು ಅಂಗುಲ ನೀರು ಕಟ್ಟಿದರೆ ಎರಡು ಲಕ್ಷ ಲೀಟರು. ಅದರೊಂದಿಗೆ ಹೊಲಕ್ಕೆ ಬರುವ ಕ್ಲೋರೈಡ್ 20 ಕಿಲೋ. ಎಂದರೆ ಎಸ್‌ಒಪಿ ಕೊಂಡು ಉಳಿಸಿಕೊಂಡದ್ದನ್ನು ಒಂದೇ ಸಲದ ನೀರು ಹೆಚ್ಚೂಕಡಿಮೆ ತಂದು ಸುರಿದಂತಾಯಿತು. ಮುಂಗಾರು ಚೆನ್ನಾಗಿ ಹಿಡಿದರೆ ಮಳೆ ಇದನ್ನು ತೊಳೆಯುತ್ತದೆ. ಕೈಕೊಟ್ಟ ವರ್ಷ ಬೋರನ್ನೇ ನೆಚ್ಚಿದವರ ಹೊಲದಲ್ಲಿ ಇದು ಕೂಡುತ್ತ ಹೋಗುತ್ತದೆ. ನೀರಾವರಿ ಜಮೀನಿನಲ್ಲಿ ಮಣ್ಣಿನ ಮಾದರಿಯೊಂದಿಗೆ ನೀರಿನ ಬಾಟಲಿಯನ್ನೂ ಲ್ಯಾಬಿಗೆ ಒಯ್ಯದಿದ್ದರೆ ಪರೀಕ್ಷೆ ಅರ್ಧವೇ ಆದಂತೆ.

ಸಕ್ಕರೆ ಬೀಟಿಗೆ ಕ್ಲೋರೈಡ್ ಲೆಕ್ಕಕ್ಕೇ ಇಲ್ಲ. ಅದರ ಮೂಲ ಯೂರೋಪಿನ ಕಡಲದಂಡೆಗಳಲ್ಲಿ ಉಪ್ಪುಗಾಳಿಗೆ ಬೆಳೆಯುವ ಕಾಡು ಬೀಟ್. 1747ರಲ್ಲಿ ಬರ್ಲಿನ್ನಿನ ಮಾರ್ಗ್ರಾಫ್ ಬೀಟಿನೊಳಗಿನ ಸಕ್ಕರೆ ಕಬ್ಬಿನದೇ ಸಕ್ಕರೆ ಎಂದು ತೋರಿಸಿದ. ಅವನ ಶಿಷ್ಯ ಅಖಾರ್ಡ್ 1801ರ ಸುಮಾರಿಗೆ ಸೈಲೀಷಿಯಾದಲ್ಲಿ ಮೊದಲ ಕಾರ್ಖಾನೆ ಕಟ್ಟಿದ. ಬ್ರಿಟಿಷರ ನೌಕಾ ದಿಗ್ಬಂಧನದಿಂದ ಕಬ್ಬಿನ ಸಕ್ಕರೆ ಸಿಗದೆ ಹೋದಾಗ ನೆಪೋಲಿಯನ್ 1811ರಲ್ಲಿ ಫ್ರಾನ್ಸಿನ ರೈತರಿಗೆ ಬೀಟ್ ಬೆಳೆಯಿರೆಂದು ಆಜ್ಞೆ ಹೊರಡಿಸಿದ. ಅಷ್ಟೆಲ್ಲ ಆದರೂ ಗಿಡ ತನ್ನ ಕಡಲಿನ ರುಚಿ ಮರೆತಿಲ್ಲ. ಇಂಗ್ಲೆಂಡಿನ ರೈತರು ಬೀಟ್ ಹೊಲಕ್ಕೆ ಅಡುಗೆ ಉಪ್ಪಿನಂಥ ಉಪ್ಪನ್ನೇ ಗೊಬ್ಬರವಾಗಿ ಎರಚುತ್ತಿದ್ದರು. ಮಣ್ಣಿನ ವಿದ್ಯುತ್ ವಾಹಕತೆ, ಅಂದರೆ ಕಾರ್ಡಿನಲ್ಲಿ ‘ಇಸಿ’ ಎಂದು ಬರುವುದು, ಮೀಟರಿಗೆ 7 ಡೆಸಿಸೀಮನ್ ತಲುಪುವವರೆಗೆ ಬೀಟಿನ ಇಳುವರಿ ಕುಗ್ಗುವುದಿಲ್ಲ ಎಂದು ಲವಣ ವಿಜ್ಞಾನದ ಕೋಷ್ಟಕಗಳಲ್ಲಿದೆ. ಭತ್ತ 3ಕ್ಕೇ ಸೋಲುತ್ತದೆ. ಇಲ್ಲಿ ಎರಡು ಎಚ್ಚರ ಬೇಕು. ಕೋಷ್ಟಕದ ಇಸಿ ನೀರು ಹೀರಿ ತುಂಬಿದ ಮಣ್ಣಿನ ರಸದ್ದು. ನಮ್ಮ ಲ್ಯಾಬಿನವರು ಒಂದು ಪಾಲು ಮಣ್ಣಿಗೆ ಎರಡು ಅಥವಾ ಎರಡೂವರೆ ಪಾಲು ನೀರು ಬೆರೆಸಿ ಅಳೆಯುತ್ತಾರೆ, ಆ ಅಂಕಿ ಬಹಳ ಚಿಕ್ಕದಾಗಿ ಬರುತ್ತದೆ. ಎರಡನೆಯದು, ಮೊಳಕೆಯ ಹಂತದಲ್ಲಿ ಬೀಟೂ ಉಪ್ಪಿಗೆ ಹೆದರುತ್ತದೆ.

ನಾಲೆಯ ಕೆಳಗಿನ ತಗ್ಗಿನಲ್ಲಿ ಬೇಸಿಗೆಗೆ ಬಿಳಿ ಪೊರೆ ಏಳುವ ಚೌಳು ತುಂಡುಗಳು ಹೊಗೆಸೊಪ್ಪಿನವರ ಲೆಕ್ಕದಲ್ಲಿ ಕೆಟ್ಟ ನೆಲ. ಬೀಟಿನ ಲೆಕ್ಕದಲ್ಲಿ ಅವು ಪ್ರಯತ್ನಿಸಬಹುದಾದ ನೆಲ, ನೀರು ಬಸಿಯುವ ಹಾಗಿದ್ದರೆ ಮಾತ್ರ. ಉಪ್ಪು ಸಹಿಸುವ ಬೀಟ್ ನಿಂತ ನೀರನ್ನು ಸಹಿಸುವುದಿಲ್ಲ. ನಮ್ಮ ಶಾಖಕ್ಕೆ, ತೇವ ಹೆಚ್ಚಾದ ಹೊಲದಲ್ಲಿ ಸ್ಕ್ಲೆರೋಷಿಯಂ ಎಂಬ ಶಿಲೀಂಧ್ರ ಗಡ್ಡೆಯನ್ನು ಕೊಳೆಸಿಬಿಡುತ್ತದೆ. ಭಾರತದಲ್ಲಿ ಬೀಟ್ ಬೆಳೆಸಿ ನೋಡಿದವರನ್ನು ಕಾಡಿದ ದೊಡ್ಡ ರೋಗ ಇದೇ.

ಹುಳಿಯ ವಿಚಾರದಲ್ಲಿ ಪಾತ್ರ ಅದಲುಬದಲು. ಹೊಗೆಸೊಪ್ಪು ಪಿಎಚ್ ಐದೂವರೆಯಿಂದ ಆರೂವರೆಯ ನೆಲದಲ್ಲಿ ಸುಖವಾಗಿರುತ್ತದೆ, ದಿಣ್ಣೆಯ ಕೆಂಪು ಮಣ್ಣು ಹೆಚ್ಚಾಗಿ ಅಂಥದೇ. ಬೀಟಿಗೆ ಆರೂವರೆಯಿಂದ ಎಂಟರೊಳಗೆ ಬೇಕು. ಐದೂವರೆಗೆ ಇಳಿದರೆ ಸಸಿ ಮೇಲೇಳುವುದೇ ಕಷ್ಟ. ದಿಣ್ಣೆಯಲ್ಲಿ ಬೀಟ್ ಹಾಕುವುದಾದರೆ ಸುಣ್ಣ ಬೀಳಲೇಬೇಕು. ಬೀಟ್ ಕಾರ್ಖಾನೆಗಳು ರಸ ಶುದ್ಧಿಗೆ ಬಳಸಿದ ಸುಣ್ಣದ ಕೆಸರನ್ನು ರೈತರ ಹೊಲಕ್ಕೇ ವಾಪಸು ಕೊಡುವ ರೂಢಿ ಯೂರೋಪಿನಲ್ಲಿದೆ.

ಬೋರಾನ್ ಬಗ್ಗೆ ಚುಟುಕಾಗಿ. ಬೀಟಿನ ಗಡ್ಡೆಯ ನಡುವು ಕಪ್ಪಾಗಿ ಕೊಳೆಯುವ ರೋಗಕ್ಕೆ ಸೂಕ್ಷ್ಮಾಣು ಕಾರಣವೆಂದು ಬಹಳ ಕಾಲ ಹುಡುಕಿದ ಮೇಲೆ, ಅದು ಬೋರಾನ್ ಕೊರತೆ ಎಂದು 1931ರಲ್ಲಿ ಬ್ರಾಂಡೆನ್‌ಬುರ್ಗ್ ತೋರಿಸಿದ. ಕರ್ನಾಟಕದಲ್ಲಿ 2009ರಲ್ಲಿ ಶುರುವಾದ ಭೂಚೇತನ ಯೋಜನೆಯ ಮಣ್ಣಿನ ಪರೀಕ್ಷೆಗಳಲ್ಲಿ ಗಂಧಕ, ಸತುವಿನ ಜೊತೆ ಬೋರಾನ್ ಕೊರತೆಯೂ ವ್ಯಾಪಕವಾಗಿ ಕಂಡುಬಂತು. ಬಿಸಿನೀರಿನಲ್ಲಿ ಕರಗುವ ಬೋರಾನ್ ಅರ್ಧ ಪಿಪಿಎಂಗಿಂತ ಕೆಳಗಿದ್ದರೆ ಬೀಟಿಗೆ ಬೋರಾಕ್ಸ್ ಬೇಕಾಗುತ್ತದೆ. ಕೈ ಜಾರಿ ಹೆಚ್ಚು ಹಾಕಿದರೆ ಮುಂದಿನ ಬೀನ್ಸ್ ಬೆಳೆ ಸುಟ್ಟುಕೊಳ್ಳುತ್ತದೆ.

ಯಾವ ಕಾರ್ಡಿನಲ್ಲೂ ಬರದ ಎರಡು ಸಂಗತಿಗಳು ಉಳಿದವು. ಒಂದು ಆಳ. ವರ್ಷಗಟ್ಟಲೆ ಕೆಸರು ಮಾಡಿ ನಾಟಿ ಹಾಕಿದ ಗದ್ದೆಯಲ್ಲಿ ಒಂದು ಗೇಣಿನ ಕೆಳಗೆ ಗಟ್ಟಿ ಪದರ ಕೂತಿರುತ್ತದೆ. ಭತ್ತಕ್ಕೆ ನೀರು ನಿಲ್ಲಲು ಅದೇ ಬೇಕು. ಬೀಟಿನ ಬೇರು ಅಲ್ಲಿಗೆ ಮುಟ್ಟಿ ಕವಲೊಡೆಯುತ್ತದೆ, ಗಡ್ಡೆ ಕೈಬೆರಳಿನಂತೆ ಸೀಳಿಕೊಂಡು ಸಂದುಗಳಲ್ಲಿ ಮಣ್ಣು ತುಂಬಿಕೊಳ್ಳುತ್ತದೆ. ಹದವಿದ್ದಾಗ ಒಂದು ಹಾರೆಯನ್ನು ನೆಟ್ಟಗೆ ಇಳಿಸಿ ನೋಡಿದರೆ ಪದರ ಎಷ್ಟು ಆಳದಲ್ಲಿದೆ ಎಂದು ಕೈಗೇ ತಿಳಿಯುತ್ತದೆ. ಇನ್ನೊಂದು ಜಂತುಹುಳು. ಹೊಗೆಸೊಪ್ಪನ್ನು ಮತ್ತೆಮತ್ತೆ ಬೆಳೆದ ಮರಳುಗೋಡಿನಲ್ಲಿ ಬೇರುಗಂಟು ಜಂತು ಮನೆ ಮಾಡಿರುತ್ತದೆ. ಅದು ಬೀಟಿಗೂ ತಗಲುತ್ತದೆ. ನಡುವೆ ರಾಗಿ ಹಾಕಿದರೆ ಅದರ ಸಂಖ್ಯೆ ಇಳಿಯುತ್ತದೆ. ಹೊಗೆಸೊಪ್ಪಿನ ಹಳೆಯ ಬುಡ ಕಿತ್ತು ಬೇರಿನಲ್ಲಿ ಗಂಟು ಇದೆಯೇ ಎಂದು ನೋಡುವುದಕ್ಕೆ ಖರ್ಚೇನೂ ಇಲ್ಲ.

ಇಷ್ಟೆಲ್ಲ ನೋಡಿದ ಮೇಲೆ ನನ್ನ ತೀರ್ಪು: ಕಂಪಲಾಪುರದ ಸುತ್ತ ಬೀಟಿಗೆ ಒಪ್ಪುವ ನೆಲ ಹೊಗೆಸೊಪ್ಪಿನ ದಿಣ್ಣೆಯಲ್ಲೂ ಇಲ್ಲ, ಭತ್ತದ ತಗ್ಗಿನಲ್ಲೂ ಇಲ್ಲ. ಅದು ಇವೆರಡರ ನಡುವಿನ ಇಳಿಜಾರಿನಲ್ಲಿ, ನೀರು ಸಿಕ್ಕಿಯೂ ಬಸಿದುಹೋಗುವ ಗೋಡುಮಣ್ಣಿನಲ್ಲಿದೆ. ಹಿಂಗಾರಿನಲ್ಲಿ, ಅಕ್ಟೋಬರ್ ನವೆಂಬರಿಗೆ ಬಿತ್ತಿದರೆ ಚಳಿಯ ರಾತ್ರಿಗಳೂ ಸಿಗುತ್ತವೆ, ಐದಾರು ತಿಂಗಳಲ್ಲಿ ಬೆಳೆಯೂ ಕೈಗೆ ಬರುತ್ತದೆ. ತೊಡಕು ಮಣ್ಣಿನಾಚೆ ಇದೆ. ಕಿತ್ತ ಗಡ್ಡೆ ನಮ್ಮ ಬಿಸಿಲಿನಲ್ಲಿ ಕೆಲವೇ ದಿನಗಳಲ್ಲಿ ಸಕ್ಕರೆ ಕಳೆದುಕೊಳ್ಳುತ್ತದೆ. ಚುಂಚನಕಟ್ಟೆಯದಾಗಲಿ ನಂಜನಗೂಡಿನ ಕಡೆಯದಾಗಲಿ, ನಮ್ಮ ಸಕ್ಕರೆ ಕಾರ್ಖಾನೆಗಳು ಕಬ್ಬನ್ನು ಅರೆಯುವ ಗಾಣಗಳು. ಬೀಟನ್ನು ಅರೆಯುವುದಿಲ್ಲ, ಎಳೆಎಳೆಯಾಗಿ ಹೆಚ್ಚಿ ಬಿಸಿನೀರಿನಲ್ಲಿ ನೆನೆಸಿ ಸಕ್ಕರೆ ಬಸಿಯುತ್ತಾರೆ. ಆ ಯಂತ್ರ ಬೇರೆ. ಶ್ರೀಗಂಗಾನಗರದಲ್ಲಿ, ಪಂಜಾಬಿನಲ್ಲಿ ಅಂಥ ಯಂತ್ರ ಕೂಡಿಸಿದ ಕಾರ್ಖಾನೆ ಇದ್ದುದರಿಂದಲೇ ಅಲ್ಲಿ ಬೀಟ್ ಬೆಳೆದರು.

ಅಂಥ ಯಂತ್ರ ಇಲ್ಲಿಗೆ ಬರುವವರೆಗೆ ಹತ್ತು ಗುಂಟೆಯಲ್ಲಿ ಬೀಟ್ ಹಾಕುವ ಉಮೇದು ಇದ್ದವರಿಗೆ ಗಿರಾಕಿ ಕೊಟ್ಟಿಗೆಯಲ್ಲೇ ಇದೆ. ಗಡ್ಡೆ ಹಸುವಿಗೆ ಒಳ್ಳೆಯ ಮೇವು. ಸೊಪ್ಪಿನಲ್ಲಿ ಆಕ್ಸಲೇಟ್ ಇರುವುದರಿಂದ ಅದನ್ನು ಬಾಡಿಸಿ, ಸ್ವಲ್ಪಸ್ವಲ್ಪವಾಗಿ ಕೊಡಬೇಕು. ಆ ಹತ್ತು ಗುಂಟೆಯನ್ನೇ ಎರಡು ಮಾಡಿ, ಒಂದಕ್ಕೆ ಎರಡನೇ ಮೇಲುಗೊಬ್ಬರ ಕೊಟ್ಟು ಇನ್ನೊಂದಕ್ಕೆ ಬಿಟ್ಟು, ನಾಲ್ಕನೇ ತಿಂಗಳಿನಿಂದ ಹದಿನೈದು ದಿನಕ್ಕೊಮ್ಮೆ ಎರಡೂ ಕಡೆಯಿಂದ ಕೆಲವು ಗಡ್ಡೆ ಕಿತ್ತು ತುರಿದು ಹಿಂಡಿ, ಕಬ್ಬಿನ ಬ್ರಿಕ್ಸ್, ಅಂದರೆ ರಸದ ಸಿಹಿಯ ಅಳತೆ, ನೋಡುವ ಕೈ ಉಪಕರಣದಲ್ಲಿ ಒಂದೊಂದು ಹನಿ ಹಾಕಿ ಬರೆದಿಟ್ಟುಕೊಳ್ಳಬಹುದು. ಬ್ರಿಕ್ಸ್ ಏರತೊಡಗಿದ ವಾರ ಯಾವುದೋ ಆ ಹೊಲದ ಸಾರಜನಕ ತೀರಿದ್ದು ಹೆಚ್ಚೂಕಡಿಮೆ ಅದರ ಹಿಂದಿನ ವಾರಗಳಲ್ಲಿ.